ಲ್ಯೂಸರ್ನ್‌ನಲ್ಲಿ ಆರು ದಿನ: ಅಮ್ಮನ ಮಂಡಿ, ಮಗನ ರೈಲು, ನನ್ನ ಬಜೆಟ್

ಕೆರೆಕೋಡಿ:
ಎಲ್ಲರಿಗೂ ನಮಸ್ಕಾರ. ಮೇ ಕೊನೇ ವಾರ ಸ್ವಿಟ್ಜರ್ಲೆಂಡ್‌ಗೆ ಹೋಗೋಣ ಅಂತಿದ್ದೇವೆ. ನಾನು, ಒಂಬತ್ತು ವರ್ಷದ ಮಗ, ನಮ್ಮಮ್ಮ. ಯಜಮಾನರಿಗೆ ರಜೆ ಸಿಗಲಿಲ್ಲ. ಅಮ್ಮನಿಗೆ 68. ಬಿಪಿ ಮಾತ್ರೆ ತಗೋತಾರೆ, ಮಂಡಿ ನೋವು ಇದೆ. ಸಮತಟ್ಟು ಜಾಗದಲ್ಲಿ ಒಂದು ಮೈಲಿ ಆರಾಮಾಗಿ ನಡೆಯುತ್ತಾರೆ. ಹತ್ತು ಮೆಟ್ಟಿಲು ಕಂಡರೆ ಮಾತ್ರ ನನ್ನ ಮುಖ ನೋಡುತ್ತಾರೆ. ಮಗನಿಗೆ ರೈಲು ಬಿಟ್ಟರೆ ಬೇರೆ ಪ್ರಪಂಚ ಇಲ್ಲ.

ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ನಮ್ಮ ಕೈಲಿ ಆಗಲ್ಲ. ಕೆರೆ, ಬೆಟ್ಟ ಎರಡೂ ಇರುವ ಒಂದೇ ಊರಲ್ಲಿ ಆರು ದಿನ ಕೂರೋಣ ಅಂತ ಲ್ಯೂಸರ್ನ್ ಆರಿಸಿದ್ದೇನೆ. ಸರಿಯಾ? ಹೋಗಿ ಬಂದವರು ಹೇಳಿ.

ಟೂರ್_ಮಾವ:
ಅಷ್ಟು ದುಡ್ಡು ಹಾಕಿ ಅಷ್ಟು ದೂರ ಹೋಗಿ ಒಂದೇ ಊರಾ? ನಾವು ಹೋದ ವರ್ಷ ಒಂಬತ್ತು ದಿನದಲ್ಲಿ ಐದು ದೇಶ ಮುಗಿಸಿದೆವು. ಬಸ್ಸಲ್ಲೇ ಎಲ್ಲ. ಊಟ ಕೂಡ ನಮ್ಮದೇ, ಮೊಸರನ್ನ ಸಮೇತ. ವಯಸ್ಸಾದವರಿಗೆ ಗ್ರೂಪ್ ಟೂರೇ ಸರಿ. ಲ್ಯೂಸರ್ನ್‌ನಲ್ಲಿ ನಮಗೆ ಕೊಟ್ಟಿದ್ದು ಒಂದೂವರೆ ಗಂಟೆ. ಸೇತುವೆ ನೋಡಿದೆವು, ಬಂಡೆಯಲ್ಲಿ ಕೆತ್ತಿದ ಸಿಂಹ ನೋಡಿದೆವು, ಚಾಕೊಲೇಟ್ ತಗೊಂಡೆವು. ಇನ್ನೇನಿದೆ ಅಲ್ಲಿ?

ಜ್ಯೂರಿಕ್_ಅಕ್ಕ:
ಮಾವಾ, ಬೇಜಾರು ಮಾಡ್ಕೋಬೇಡಿ. ಆ ಒಂದೂವರೆ ಗಂಟೆಯ ಬಸ್ಸುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜನ ಇಳಿಯುತ್ತಾರೆ, ಬಾಗಿಲು ಮುಚ್ಚೋದರೊಳಗೆ ವಾಪಸ್ ಓಡುತ್ತಾರೆ.

ಕೆರೆಕೋಡಿ, ನಾನು ಶಿವಮೊಗ್ಗದವಳು. ಇಲ್ಲಿ ಹನ್ನೊಂದು ವರ್ಷ ಆಯ್ತು. ಆರಿಸಿದ್ದು ಸರಿಯಾಗೇ ಇದೆ. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ. ಲ್ಯೂಸರ್ನ್‌ಗೆ ನೇರ ರೈಲು ಇದೆ, ಒಂದು ಗಂಟೆ ಚಿಲ್ಲರೆ. ಇಳಿದು ಹೊರಗೆ ಬಂದರೆ ಎದುರಿಗೇ ದೋಣಿ ಕಟ್ಟೆ. ಬಲಕ್ಕೆ ಜ್ಯಾಂ ನುವೆಲ್ ವಿನ್ಯಾಸ ಮಾಡಿದ ದೊಡ್ಡ ಸೂರಿನ ಸಂಗೀತ ಭವನ. ಎಡಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಮರದ ಸೇತುವೆ. ರೈಲು, ದೋಣಿ, ಬಸ್ಸು ಎಲ್ಲ ಒಂದೇ ಅಂಗಳದಲ್ಲಿ. ಮಂಡಿ ನೋವಿನವರಿಗೆ ಇದಕ್ಕಿಂತ ಬೇರೆ ಬೇಕಾ?

ಬೆಟ್ಟಗಳ ವಿಚಾರಕ್ಕೆ ಒಂದೇ ಮಾತು. ಟಿಕೆಟ್ ಮೊದಲೇ ತಗೋಬೇಡಿ. ರಿಗಿ, ಪಿಲಾಟುಸ್, ಟಿಟ್ಲಿಸ್ ಮೂರಕ್ಕೂ ವೆಬ್‌ಕ್ಯಾಮ್ ಇದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾ ನೋಡಿ. ಯಾವುದು ಬಿಡಿಸಿ ಕಾಣುತ್ತೋ ಆ ದಿನ ಅದು. ಮೂರೂ ಕಾಣಲಿಲ್ವಾ, ಊರೊಳಗೇ ಇರಿ. ಒಂದೇ ಕಡೆ ಉಳಿದರೆ ಸಿಗೋ ದೊಡ್ಡ ಲಾಭ ಇದೇ. ಬಸ್ಸಿನವರಿಗೆ ಇದು ಸಿಗಲ್ಲ.

ಧಾರವಾಡ_ಪೇಡೆ:
ಅಕ್ಕಾರು ಹೇಳಿದ್ದು ನೂರಕ್ಕೆ ನೂರು ಖರೇರಿ. ನಾವು ಆ ತಪ್ಪು ಮಾಡಿ ಬಂದವರು. ಊರಲ್ಲೇ ಕೂತು ತಿಂಗಳ ಮೊದಲೇ ಟಿಟ್ಲಿಸ್ ಟಿಕೆಟ್ ತೆಗೆದೆವು. 3020 ಮೀಟರ್ ಎತ್ತರದಲ್ಲಿ ಇಳಿದಾಗ ಕಂಡಿದ್ದು ಬರೀ ಬಿಳಿ. ಮುಂದಿದ್ದ ನಮ್ಮಾಕಿಯ ಸ್ವೆಟರ್ ಮಾತ್ರ ಕೆಂಪು. ಮ್ಯಾಲೆ ಶಾರುಖ್-ಕಾಜೋಲ್ ಕಟೌಟ್ ಇಟ್ಟಾರ, ಅದರ ಜೊತೆ ಫೋಟೋ ತಗೊಂಡು ಇಳಿದೆವು. ಇಂಥಾ ಫೋಟೋ ನಮ್ಮೂರ ಟಾಕೀಸಿನ ಮುಂದೂ ತಗೋಬಹುದಿತ್ತು.

ಇನ್ನೊಂದು, ತಾಯಿಯವರಿಗೆ ಬಿಪಿ ಇದೆ ಅಂದ್ರಿ. ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ಹಾಕಿದರ ನಮಗೇ ಏದುಸಿರು ಬಂತು. ಡಾಕ್ಟರನ್ನ ಒಂದು ಮಾತು ಕೇಳಿ.

ಕೆರೆಕೋಡಿ:
ಕೇಳಿದೆ ಸರ್. ಡಾಕ್ಟರು "ಎರಡು ಸಾವಿರ ಮೀಟರ್ ಒಳಗೆ ಇರಲಿ" ಅಂದರು. ಹಾಗಾಗಿ ಟಿಟ್ಲಿಸ್ ಕೈಬಿಟ್ಟೆ. ರಿಗಿನಾ ಪಿಲಾಟುಸ್ಸಾ? ಮಗ ಎರಡರ ವಿಡಿಯೋನೂ ನೋಡಿ ಎರಡೂ ಬೇಕು ಅಂತಿದ್ದಾನೆ.

ಹಲ್ಲುರೈಲು:
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ರೈಲಿನ ಮಾತು ಬಂತಲ್ಲ, ಇನ್ನು ತಡೆಯೋಕಾಗಲ್ಲ.

ಊಟಿ ರೈಲಲ್ಲಿ ಕೂತಿದ್ದೀರಾ? ಹಳಿಗಳ ಮಧ್ಯೆ ಹಲ್ಲಿನ ಪಟ್ಟಿ ಇರುತ್ತಲ್ಲ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತಲ್ಲ, ಅದು ರೋಮನ್ ಆಬ್ಟ್ ಅನ್ನೋ ಸ್ವಿಸ್ ಎಂಜಿನಿಯರ್ ಕಂಡುಹಿಡಿದ ವಿಧಾನ. ಅಲ್ಲಿನ ಹಳೇ ಉಗಿ ಎಂಜಿನ್‌ಗಳು ತಯಾರಾಗಿದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲೇ. ಅಂದರೆ ನಿಮ್ಮ ಹುಡುಗ ಊಟಿ ರೈಲಿನ ತವರಿಗೆ ಹೊರಟಿದ್ದಾನೆ.

ರಿಗಿ ರೈಲು ಯುರೋಪಿನ ಮೊದಲ ಬೆಟ್ಟದ ರೈಲು. ವಿಟ್ಸ್‌ನೌ ಅನ್ನೋ ಕೆರೆ ದಂಡೆಯ ಹಳ್ಳಿಯಿಂದ 1871ರಲ್ಲಿ ಶುರುವಾಯಿತು. ಮಾಡಿದವನು ನಿಕ್ಲಾಸ್ ರಿಗೆನ್‌ಬಾಖ್. ನಾಲ್ಕು ವರ್ಷಕ್ಕೆ ಬೆಟ್ಟದ ಆಚೆ ಬದಿಯ ಗೋಲ್ಡೌ ಕಡೆಯಿಂದ ಬೇರೆ ಕಂಪನಿ ಇನ್ನೊಂದು ಹಳಿ ಹಾಕಿತು. ಈಗಲೂ ವಿಟ್ಸ್‌ನೌ ಕಡೆಯದು ಕೆಂಪು ರೈಲು, ಗೋಲ್ಡೌ ಕಡೆಯದು ನೀಲಿ.

ಪಿಲಾಟುಸ್ ಅದರಪ್ಪ. 1889ರದ್ದು. ಹಲ್ಲಿನ ರೈಲುಗಳಲ್ಲಿ ಜಗತ್ತಿನಲ್ಲೇ ಅತಿ ಕಡಿದಾದ ದಾರಿ, ಶೇಕಡ 48ರಷ್ಟು ಏರು. ಊಟಿ ರೈಲು ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಏರುತ್ತದೆ. ಇದು ಎರಡಡಿಗೆ ಹತ್ತಿರ ಹತ್ತಿರ ಒಂದಡಿ. ಇಷ್ಟು ಕಡಿದಾದಾಗ ಮಾಮೂಲಿ ನಿಂತ ಚಕ್ರ ಹಲ್ಲಿನಿಂದ ಎದ್ದು ಜಾರಿಬಿಡೋ ಭಯ. ಅದಕ್ಕೆ ಎಡ್ವರ್ಡ್ ಲೋಖರ್ ಏನು ಮಾಡಿದ ಅಂದರೆ, ಪಟ್ಟಿಯ ಮೇಲುಗಡೆ ಬಿಟ್ಟು ಎಡಬಲ ಎರಡೂ ಪಕ್ಕಕ್ಕೆ ಹಲ್ಲು ಕೊಟ್ಟ. ಚಕ್ರಗಳನ್ನು ಮಲಗಿಸಿದ. ಎರಡು ಚಕ್ರ ಎರಡೂ ಪಕ್ಕದಿಂದ ಪಟ್ಟಿಯನ್ನು ಅವುಚಿ ಹಿಡಿದು ಏರುತ್ತವೆ. ಕಬ್ಬಿನ ಗಾಣದ ಎರಡು ಉರುಳೆಗಳ ಮಧ್ಯೆ ಜಲ್ಲೆ ಸಿಕ್ಕಿಕೊಂಡ ಹಾಗೆ ಅಂತ ಮಗನಿಗೆ ಹೇಳಿ, ಅರ್ಥ ಆಗುತ್ತದೆ.

ಆದರೆ ಅಮ್ಮನ ವಿಷಯಕ್ಕೆ ಎಚ್ಚರ. ಡಬ್ಬಿಯ ಒಳಗೂ ಮೆಟ್ಟಿಲು, ಹತ್ತೋ ಕಟ್ಟೆಯೂ ಮೆಟ್ಟಿಲು ಮೆಟ್ಟಿಲಾಗೇ ಇದೆ.

ಜ್ಯೂರಿಕ್_ಅಕ್ಕ:
ಹೌದು, ಅಮ್ಮನಿಗೆ ರಿಗಿನೇ. 1798 ಮೀಟರ್, ಡಾಕ್ಟರ ಲೆಕ್ಕದ ಒಳಗೇ ಬರುತ್ತದೆ. ದೋಣಿಯಲ್ಲಿ ವಿಟ್ಸ್‌ನೌಗೆ ಸುಮಾರು ಒಂದು ಗಂಟೆ, ಅಲ್ಲಿಂದ ರೈಲಲ್ಲಿ ಅರ್ಧ ಗಂಟೆ. ಸಿಕ್ಕರೆ ಚಕ್ರದ ಉಗಿದೋಣಿ ಹತ್ತಿ. ಈ ಕೆರೆಯಲ್ಲಿ ಅಂಥವು ಐದಿವೆ, ಎಲ್ಲಕ್ಕಿಂತ ಹಳೇದು 1901ರ 'ಉರಿ'. ನಡುವೆ ಎಂಜಿನ್ ಕೋಣೆ ತೆರೆದೇ ಇರುತ್ತದೆ. ಹಿತ್ತಾಳೆ, ಎಣ್ಣೆ, ಮೇಲೆ ಕೆಳಗೆ ಆಡೋ ಕಬ್ಬಿಣದ ತೋಳು. ನಿಮ್ಮ ಮಗ ಹೊರಗಿನ ಬೆಟ್ಟ ನೋಡಲ್ಲ, ನಾನು ಬರೆದು ಕೊಡುತ್ತೇನೆ.

ಇಳಿಯುವಾಗ ರಿಗಿ ಕಾಲ್ಟ್‌ಬಾಡ್‌ನಲ್ಲಿ ಇಳಿದುಕೊಳ್ಳಿ. ಅಲ್ಲಿಂದ ಷೈಡೆಗ್ ಕಡೆಗೆ ಹಿಂದೆ ಒಂದು ಪುಟ್ಟ ರೈಲು ಹೋಗುತ್ತಿತ್ತು. ಅದು ನಿಂತುಹೋಗಿ ಎಷ್ಟೋ ಕಾಲ ಆಯ್ತು, ಹಳಿ ಕಿತ್ತು ಕಾಲುದಾರಿ ಮಾಡಿದ್ದಾರೆ. ರೈಲಿನ ಹಾದಿ ಅಲ್ವಾ, ಏರಿಳಿತ ಕಮ್ಮಿ. ಬೆಂಚುಗಳಿವೆ. ಬಲಗಡೆ ಕೆಳಗೆ ಕೆರೆ.

ಒಗ್ಗರಣೆ_ಡಬ್ಬಿ:
ಎಲ್ಲರೂ ಬೆಟ್ಟ ಬೆಟ್ಟ ಅಂತಿದ್ದೀರಿ. ಹೊಟ್ಟೆ ಮಾತು ನಾನು ಆಡುತ್ತೇನೆ.

ಅಡುಗೆಮನೆ ಇರೋ ಕೋಣೆ ಹಿಡಿಯಿರಿ. ಹೋಟೆಲ್ಲಿನಲ್ಲಿ ಮೂರು ಜನ ಒಂದು ಹೊತ್ತು ಉಂಡರೆ ಬರೋ ಬಿಲ್ಲನ್ನು ರೂಪಾಯಿಗೆ ತಿರುಗಿಸಿ ನೋಡಲೇಬೇಡಿ, ಅನ್ನ ಇಳಿಯಲ್ಲ. ಮಿಗ್ರೋ, ಕೋಪ್ ಅಂತ ಅಂಗಡಿಗಳಿವೆ, ತರಕಾರಿ, ಮೊಸರು, ಅಕ್ಕಿ ಎಲ್ಲ ಸಿಗುತ್ತದೆ. ನೀರಿನ ಬಾಟಲ್ ಕೊಳ್ಳಬೇಡಿ. ಬೀದಿ ಬೀದಿಯಲ್ಲಿ ಕಾರಂಜಿ ಇದೆ. ಕುಡಿಯಬಾರದು ಅಂತ ಬೋರ್ಡ್ ಇಲ್ಲದಿದ್ದರೆ ಅದೇ ಕುಡಿಯೋ ನೀರು. ಭಾನುವಾರ ಊರಿನ ಅಂಗಡಿಗಳು ಬಂದ್, ರೈಲು ನಿಲ್ದಾಣದೊಳಗಿನವು ಮಾತ್ರ ತೆಗೆದಿರುತ್ತವೆ. ನಾವು ಬಂದಿಳಿದಿದ್ದೇ ಭಾನುವಾರ ಸಂಜೆ. ಇದು ಗೊತ್ತಿಲ್ಲದೆ ಅವಲಕ್ಕಿಗೆ ಉಪ್ಪೂ ಇಲ್ಲದೆ ಮಲಗಿದೆವು.

ಇನ್ನೊಂದು ಅವಮಾನದ ಕಥೆ. ಬಾಡಿಗೆ ಕೋಣೆಯಲ್ಲಿ ಮೊದಲನೇ ದಿನವೇ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಚಟಪಟ ಅಂದು ಒಣಮೆಣಸಿನಕಾಯಿ ಬಿದ್ದಿದ್ದೇ ತಡ, ಚಾವಣಿಯಲ್ಲಿದ್ದ ಹೊಗೆ ಗಂಟೆ ಕಿರುಚಿಕೊಂಡಿತು. ಯಜಮಾನರು ಕುರ್ಚಿ ಹತ್ತಿ ಟವಲ್ ಬೀಸಿದರು. ಪಕ್ಕದ ಕೋಣೆಯ ಮುದುಕರು ಬಂದು ಬಾಗಿಲು ತಟ್ಟಿ, ಒಳಗೆ ಇಣುಕಿ, ಮೂಗರಳಿಸಿ ಏನೋ ಕೇಳಿದರು. ಬೈದರು ಅಂತ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಏನು ಅಡುಗೆ ಅಂತ ಕೇಳಿದ್ದಂತೆ. ಮನೆ ಮಾಲೀಕರು ಮಾತ್ರ ವಾಸನೆ ಹೋಗಿಸಲು ಅಂತ ಠೇವಣಿಯಲ್ಲಿ ಮುರಿದುಕೊಂಡರು. ಕಿಟಕಿ ತೆರೆದು ಒಗ್ಗರಣೆ ಹಾಕಿ.

ಕೆರೆಕೋಡಿ:
ನಗು ತಡೆಯಲಾಗಲಿಲ್ಲ. ಅಮ್ಮನಿಗೆ ಓದಿ ಹೇಳಿದೆ. ಅವರಿಗೆ ಚಿಂತೆ ಒಗ್ಗರಣೆದಲ್ಲ, ತುಪ್ಪದ್ದು. ಮನೇಲಿ ಕಾಯಿಸಿದ ತುಪ್ಪ ಒಂದು ಡಬ್ಬಿ ಬಂದೇ ಬರಬೇಕು ಅಂತಿದ್ದಾರೆ.

ಜ್ಯೂರಿಕ್_ಅಕ್ಕ:
ಬೇಡ! ಹಾಲಿನ ಪದಾರ್ಥ, ಮಾಂಸ ಎರಡನ್ನೂ ಭಾರತದಿಂದ ತರೋ ಹಾಗಿಲ್ಲ. ಕಸ್ಟಮ್ಸ್‌ನಲ್ಲಿ ಸಿಕ್ಕಿದರೆ ಕಸದ ಡಬ್ಬಿಗೆ ಹೋಗುತ್ತದೆ, ದಂಡವೂ ಬೀಳಬಹುದು. ಚಟ್ನಿಪುಡಿ, ಅವಲಕ್ಕಿ, ಹುರಿಟ್ಟು ತನ್ನಿ, ತೊಂದರೆ ಇಲ್ಲ. ತುಪ್ಪಕ್ಕೆ ನಾನು ದಾರಿ ಹೇಳುತ್ತೇನೆ. ಯಾವ ಅಂಗಡಿಯಲ್ಲಾದರೂ 'ಬ್ರಾಟ್‌ಬುಟರ್' ಅಂತ ಕೇಳಿ. ಬೆಣ್ಣೆ ಕಾಯಿಸಿ ನೀರಂಶ ತೆಗೆದಿದ್ದು. ಹೆಸರು ಬೇರೆ, ವಸ್ತು ನಮ್ಮ ತುಪ್ಪವೇ. ಘಮ ಸ್ವಲ್ಪ ಕಮ್ಮಿ, ಇನ್ನೊಂದು ಸಲ ಕಾಯಿಸಿಕೊಂಡರೆ ಸರಿಹೋಗುತ್ತದೆ.

ಟೂರ್_ಮಾವ:
ನೋಡಿದ್ರಾ, ನಮ್ಮ ಟೂರಲ್ಲಿ ಈ ತುಪ್ಪದ ತಲೆನೋವೇ ಇರಲಿಲ್ಲ.

ಇರಲಿ, ಪಾಸ್ ವಿಚಾರ ಹೇಳಿ. ನಮ್ಮ ಮಗಳೂ ಹೋಗಬೇಕು ಅಂತಿದ್ದಾಳೆ. ಅವಳು ನನ್ನ ಮಾತು ಕೇಳಲ್ಲ, ಒಂಟಿಯಾಗೇ ಹೋಗುತ್ತಾಳಂತೆ.

ಹಲ್ಲುರೈಲು:
ದೇಶ ಸುತ್ತುವವರಿಗೆ ಸ್ವಿಸ್ ಟ್ರಾವೆಲ್ ಪಾಸ್. ರೈಲು, ಬಸ್ಸು, ದೋಣಿ, ಜೊತೆಗೆ ರಿಗಿ ಪೂರ್ತಿ ಸೇರುತ್ತದೆ. ಪಿಲಾಟುಸ್‌ಗೆ ಅರ್ಧ ದರ. ಆದರೆ ಲ್ಯೂಸರ್ನ್‌ನಲ್ಲೇ ಕೂರುವವರು ಟೆಲ್-ಪಾಸ್ ನೋಡಿ. ಅದು ಆ ಸೀಮೆಗೆ ಮಾತ್ರ. ದೋಣಿಯೂ ರಿಗಿಯೂ ಪಿಲಾಟುಸ್ಸೂ ಟಿಟ್ಲಿಸ್ಸೂ ಅದರಲ್ಲೇ ಬರುತ್ತವೆ. 2, 3, 4, 5, 10 ದಿನದ್ದು ಸಿಗುತ್ತದೆ. ವಿಮಾನ ನಿಲ್ದಾಣದಿಂದ ಬರೋ ಟಿಕೆಟ್ ಬೇರೆ ತಗೋಬೇಕು. ಎರಡರ ದರವನ್ನೂ ಹೋಗೋ ತಿಂಗಳಿಗೆ ಹಾಕಿ ನೋಡಿ, ಬೇಸಿಗೆಯಲ್ಲಿ ಜಾಸ್ತಿ. ಹೋಟೆಲಲ್ಲಿ ಉಳಿದವರಿಗೆ ಊರೊಳಗಿನ ಬಸ್ಸಿಗೆ ಅತಿಥಿ ಕಾರ್ಡ್ ಪುಕ್ಕಟೆ ಕೊಡುತ್ತಾರೆ. ಕೊಡದಿದ್ದರೆ ಕೇಳಿ.

ಸುಮ್ನೆ_ಓದುಗ:
ವೀಸಾ ಬಗ್ಗೆ ಯಾರೂ ಹೇಳಲಿಲ್ಲ. ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಬಹಳ ದೇಶಗಳಿಗೆ ನಡೆಯೋ ಷೆಂಗೆನ್ ವೀಸಾಗೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ನಮ್ಮ ಬೇಸಿಗೆ ರಜೆಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಬೆಂಗಳೂರಿನಲ್ಲಿ ದಿನಾಂಕ ಸಿಗೋದೇ ಕಷ್ಟ. 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕೇ ಬೇಕು. ಗಂಡ ಬರುತ್ತಿಲ್ಲ ಅಂದ್ರಿ. ಮಗುವಿನ ಪ್ರಯಾಣಕ್ಕೆ ತಂದೆಯ ಒಪ್ಪಿಗೆ ಪತ್ರ ಮಾಡಿಸಿಡಿ.

ಕೆರೆಕೋಡಿ:
ಥ್ಯಾಂಕ್ಸ್, ಆ ಪತ್ರ ನನಗೆ ಹೊಳೆದೇ ಇರಲಿಲ್ಲ. ಜ್ಯೂರಿಕ್ ಅಕ್ಕ, ನಿಮಗೆ ಬೇರೆಯಾಗಿ ಮೆಸೇಜ್ ಮಾಡಿದ್ದೇನೆ.

*(ಜೂನ್)*

ಕೆರೆಕೋಡಿ:
ಬಂದ್ವಿ! ಬಂದು ಹತ್ತು ದಿನ ಆಯ್ತು. ಬಟ್ಟೆ ಒಗೆದು ಮುಗಿದ ಮೇಲೆ ಬರೆಯೋಣ ಅಂತ ಸುಮ್ಮನಿದ್ದೆ.

ಮೊದಲ ದಿನ ಮಳೆ. ಮೂರೂ ವೆಬ್‌ಕ್ಯಾಮ್‌ನಲ್ಲಿ ಧಾರವಾಡ ಸರ್ ನೋಡಿದ ಅದೇ ಬಿಳಿ. ಊರೊಳಗೇ ಸುತ್ತಿದೆವು. ಮರದ ಸೇತುವೆಗೆ ಸೂರಿದೆ, ಮಳೆಗೆ ಅದೇ ಅನುಕೂಲ. 14ನೇ ಶತಮಾನದ್ದು. ಸೂರಿನ ಕೆಳಗೆ ತ್ರಿಕೋನ ಹಲಗೆಗಳ ಮೇಲೆ ಚಿತ್ರ. 1993ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಬೆಂಕಿ ಬಿದ್ದು ಸೇತುವೆಯ ಬಹುಪಾಲು ಹೋಯಿತು, ಚಿತ್ರಗಳೂ ಬಹಳ ಸುಟ್ಟವು. ಮುಂದಿನ ಏಪ್ರಿಲ್‌ಗೆಲ್ಲ ಮತ್ತೆ ಕಟ್ಟಿ ಜನರಿಗೆ ಬಿಟ್ಟಿದ್ದಾರೆ. ನಮ್ಮ ಬೀದಿಯ ಮೋರಿ ಮೂರು ವರ್ಷದಿಂದ ಅಗೆದೇ ಇದೆ ಅಂತ ಅಮ್ಮ ನೆನಪಿಸಿಕೊಂಡರು.

ಸಿಂಹದ ಹತ್ತಿರ ಮಗ ಗಟ್ಟಿಯಾಗಿ "ಮಲಗಿದೆಯಾ?" ಅಂತ ಕೇಳಿದ. ಪಕ್ಕೆಗೆ ಮುರಿದ ಈಟಿ ಚುಚ್ಚಿದೆ ಅಂತ ತೋರಿಸಿದೆ. 1792ರ ಆಗಸ್ಟ್ 10ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿನ ರಾಜನ ಅರಮನೆ ಕಾಯುತ್ತಾ ಸತ್ತ ಸ್ವಿಸ್ ಸಿಪಾಯಿಗಳ ನೆನಪಿಗೆ ಬಂಡೆಯಲ್ಲೇ ಕೆತ್ತಿದ್ದು. ಅಮ್ಮ ಬಹಳ ಹೊತ್ತು ನೋಡಿ "ಯಾರದೋ ರಾಜನಿಗೆ ಇವರು ಯಾಕೆ ಸಾಯಬೇಕಿತ್ತು" ಅಂದರು. ಕೂಲಿಗೆ ಹೋಗಿದ್ದರು ಅಂದೆ. "ಅಯ್ಯೋ ಪಾಪ, ಕೂಲಿಗಾ" ಅಂದರು.

ಅದರ ಪಕ್ಕದ್ದೇ ಹಿಮನದಿ ತೋಟ. ಮಕ್ಕಳಿದ್ದವರು ಬಿಡಬೇಡಿ. 1872ರಲ್ಲಿ ಒಬ್ಬರು ದ್ರಾಕ್ಷಾರಸ ಇಡೋ ನೆಲಮಾಳಿಗೆಗೆ ಅಂತ ಅಗೆಸುವಾಗ ಬಂಡೆಯಲ್ಲಿ ಗುಂಡಿ ಸಿಕ್ಕವಂತೆ. ಹಿಮದ ಕೆಳಗಿನ ನೀರು ರಭಸದಲ್ಲಿ ತಿರುಗಿ ತಿರುಗಿ ಕೊರೆದದ್ದು. ದೊಡ್ಡದು ಒಂಬತ್ತು ಮೀಟರಿಗಿಂತ ಆಳ. ರಾಕ್ಷಸರ ಒರಳುಕಲ್ಲಿನ ಹಾಗೇ ಇದೆ.

ಎರಡನೇ ದಿನ ಬೆಳಿಗ್ಗೆ ರಿಗಿ ಬಿಚ್ಚಿಕೊಂಡಿತು. ದೋಣಿಯಲ್ಲಿ ಮಗ ಎಂಜಿನ್ ಕೋಣೆ ಬಿಟ್ಟು ಬರಲಿಲ್ಲ, ಅಕ್ಕ ಗೆದ್ದರು. ಅಮ್ಮ ಕಾಲ್ಟ್‌ಬಾಡ್ ದಾರಿಯಲ್ಲಿ ನನಗಿಂತ ಮುಂದೆ ನಡೆದರು. ಹಸುಗಳ ಕೊರಳ ಗಂಟೆ ಸದ್ದಿಗೆ ನಿಂತು ನಿಂತು ಹೋದರು. ಅಷ್ಟು ದೊಡ್ಡ ಗಂಟೆ ಕಟ್ಟಿದರೆ ಕತ್ತು ನೋಯಲ್ವಾ ಅಂತ ಅವರ ತಕರಾರು.

ಶನಿವಾರ ನಾನೂ ಮಗನೂ ಪಿಲಾಟುಸ್‌ಗೆ ಹೋದೆವು. ಅಮ್ಮ ಬರಲ್ಲ ಅಂದರು. ಜ್ಯೂರಿಕ್ ಅಕ್ಕ ಬೆಳಿಗ್ಗೆ ರೈಲಿಗೇ ಬಂದು, ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ ಹೋಗಿ ಅಂತ ಕಳಿಸಿದರು. ರೈಲು ಹೇಗಿತ್ತು ಅಂತ ನಾನು ಬರೆಯಲ್ಲ, ಹಲ್ಲುರೈಲು ಸರ್ ಬರೆದ ಹಾಗೇ ಇತ್ತು. ಕಬ್ಬಿನ ಗಾಣದ ಉಪಮೆಯನ್ನು ಮಗ ಅಲ್ಲಿದ್ದ ಸಿಬ್ಬಂದಿಗೂ ಹೇಳಲು ನೋಡಿದ.

ಉಳಿದದ್ದು ಅಕ್ಕನೇ ಹೇಳಲಿ.

ಜ್ಯೂರಿಕ್_ಅಕ್ಕ:
ಹೇಳುತ್ತೇನೆ. ಅಮ್ಮನಿಗೆ ನದಿ ಪಕ್ಕ ನಡೆಯೋಣ ಅಂದೆ. ಕೆರೆಯಿಂದ ರಾಯ್ಸ್ ನದಿ ಹೊರಡೋದು ಊರ ಮಧ್ಯದಲ್ಲೇ. ಸ್ವಲ್ಪ ಕೆಳಗೆ ಇನ್ನೊಂದು ಮರದ ಸೇತುವೆ ಇದೆ, ಷ್ಪ್ರಾಯರ್ ಸೇತುವೆ. ಆ ಹೆಸರು ಬಂದಿದ್ದು ಹೊಟ್ಟು ಅನ್ನೋ ಅರ್ಥದ ಮಾತಿನಿಂದ. ನದಿ ಊರು ದಾಟೋ ಕೊನೆಯಲ್ಲಿದ್ದಿದ್ದರಿಂದ ಹೊಟ್ಟು, ತರಗೆಲೆ ನೀರಿಗೆ ಸುರಿಯಲು ಅಲ್ಲಿ ಮಾತ್ರ ಅಪ್ಪಣೆ ಇತ್ತು. ಅಮ್ಮನಿಗೆ ಇದು ತಕ್ಷಣ ಹಿಡಿಸಿತು. ಅದರ ಪಕ್ಕದಲ್ಲೇ ಸೂಜಿ ಒಡ್ಡು.

ನಾನು ಆ ಒಡ್ಡನ್ನು ನೂರು ಸಲ ದಾಟಿದ್ದೇನೆ. ನಿಂತು ನೋಡಿದ್ದು ಅವತ್ತೇ. 1859ರಿಂದ 61ರ ನಡುವೆ ಕಟ್ಟಿದ್ದು. ಕಬ್ಬಿಣದ ಚೌಕಟ್ಟಿಗೆ ಉದ್ದುದ್ದ ಮರದ ಕೋಲುಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿದ್ದಾರೆ. ಅವೇ ಸೂಜಿಗಳು. ಕೆರೆ ಏರಿದರೆ ಕೋಲು ಕಿತ್ತು ನೀರು ಬಿಡುತ್ತಾರೆ, ಇಳಿದರೆ ಮತ್ತೆ ಇಡುತ್ತಾರೆ. ಕೈಯಲ್ಲೇ. 114 ಚದರ ಕಿಲೋಮೀಟರ್ ಕೆರೆಯ ಮಟ್ಟ ನಿಲ್ಲೋದು ಈ ಕೋಲುಗಳ ಮೇಲೆ. ಮೇ ಕೊನೆ, ಬೆಟ್ಟದ ಹಿಮ ಕರಗಿ ನೀರು ಜಾಸ್ತಿ ಆಗಿತ್ತು. ಇಬ್ಬರು ಕೋಲು ಕೀಳುತ್ತಿದ್ದರು.

ಅಮ್ಮ ಕಟ್ಟೆ ಹಿಡಿದು ನಿಂತವರು ಅಲುಗಲಿಲ್ಲ. "ನಮ್ಮಪ್ಪ ನೀರುಗಂಟಿ" ಅಂದರು.

ಕೆರೆಕೋಡಿ:
ತಾತ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಬಿಡುತ್ತಿದ್ದವರು. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋಗಿ ಭತ್ತ ತರುತ್ತಿದ್ದರು, ಅದೇ ಸಂಬಳ. ಅಮ್ಮ ಚಿಕ್ಕವರಿದ್ದಾಗ ರಾತ್ರಿ ಲಾಟೀನು ಹಿಡಿದು ಜೊತೆಗೆ ಹೋಗುತ್ತಿದ್ದರಂತೆ. ನನಗೆ ಇದು ಅರ್ಧಂಬರ್ಧ ಗೊತ್ತಿತ್ತು. ಲಾಟೀನಿನ ಮಾತು ಗೊತ್ತಾಗಿದ್ದು ಲ್ಯೂಸರ್ನ್‌ನಲ್ಲಿ.

ಜ್ಯೂರಿಕ್_ಅಕ್ಕ:
ಕೆಲಸ ಮುಗಿಸಿ ಅವರಲ್ಲೊಬ್ಬರು ಮೇಲೆ ಬಂದರು. ಅಮ್ಮ ನನ್ನ ಕೈ ಜಗ್ಗಿ, "ಕೆಳಗಿನ ಊರಿನವರಿಗೆ ಹೇಳಿ ಕಳಿಸಿ ಬಿಡ್ತಾರಾ, ಹಾಗೇ ಬಿಡ್ತಾರಾ ಕೇಳು" ಅಂದರು. ಕೇಳಿದೆ. ಅವರು ನಕ್ಕರು. ಕೆಳಗಿನ ಊರುಗಳದ್ದೇ ಯಾವಾಗಲೂ ಜಗಳ ಅಂದರು. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. "ಅಲ್ಲೂ ಅದೇನಾ" ಅಂತ ಇವರೂ ನಕ್ಕರು. ಆಮೇಲೆ ಇಬ್ಬರೂ ಕೈ ಸನ್ನೆಯಲ್ಲೇ ಮಾತಾಡಿದರು. ಅಮ್ಮ ತೂಬಿನ ಕೋಲು ಎತ್ತೋದು ಹೇಗೆ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ತೋರಿಸಿದರು. ನಾನು ಪಕ್ಕದಲ್ಲಿ ಸುಮ್ಮನೆ ನಿಂತಿದ್ದೆ, ದುಭಾಷಿ ಬೇಕಿರಲಿಲ್ಲ.

ಟೂರ್_ಮಾವ:
ನಮ್ಮ ಬಸ್ಸು ಆ ಎರಡನೇ ಸೇತುವೆ ಹತ್ತಿರ ಹೋಗಿರಲೇ ಇಲ್ಲ.

ಧಾರವಾಡ_ಪೇಡೆ:
ತಾಯಿಯವರಿಗೆ ನಮಸ್ಕಾರ ತಿಳಿಸ್ರಿ. ತುಪ್ಪದ ಕಥೆ ಏನಾಯ್ತು?

ಕೆರೆಕೋಡಿ:
ಬ್ರಾಟ್‌ಬುಟರ್ ಪಾಸಾಯ್ತು ಸರ್. "ತುಪ್ಪ ಅಂತ ಕರೆಯೋಕಾಗಲ್ಲ, ಆದರೂ ತುಪ್ಪವೇ" ಅಂತ ತೀರ್ಪು. ಕಿಟಕಿ ತೆರೆದೇ ಒಗ್ಗರಣೆ ಹಾಕಿದೆವು, ಗಂಟೆ ಹೊಡೆದುಕೊಳ್ಳಲಿಲ್ಲ.

ಅಕ್ಕ, ನಿಮಗೊಂದು ಕೆಲಸ. ಆ ಒಡ್ಡಿನ ಫೋಟೋನ ಅಮ್ಮ ಊರಲ್ಲಿರೋ ನಮ್ಮ ಸೋದರಮಾವನಿಗೆ ಕಳಿಸಿದ್ದರು. ಅವರು ಬೆಟ್ಟ, ಹಿಮ, ಕೆರೆ ಒಂದರ ಬಗ್ಗೆಯೂ ಕೇಳಲಿಲ್ಲ. ಆ ಕೋಲು ಯಾವ ಮರದ್ದು, ನೀರಲ್ಲಿ ಎಷ್ಟು ವರ್ಷ ತಡೆಯುತ್ತೆ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಅಮ್ಮ ಕೇಳೋಕೆ ಮರೆತುಬಿಟ್ಟೆ ಅಂತ ಪೇಚಾಡುತ್ತಿದ್ದಾರೆ. ಆ ಕಡೆ ಹೋದರೆ ಕೇಳಿ ಹೇಳ್ತೀರಾ?

ಜ್ಯೂರಿಕ್_ಅಕ್ಕ:
ಈ ಶನಿವಾರವೇ ಹೋಗುತ್ತೇನೆ. ಸಿಕ್ಕರೆ ಅವರ ಹತ್ತಿರವೇ ವಿಡಿಯೋ ಕಾಲ್ ಮಾಡಿಸುತ್ತೇನೆ. ಮಾವನಿಗೆ ಮಧ್ಯಾಹ್ನ ಮೂರರ ಮೇಲೆ ಫೋನ್ ಹತ್ತಿರ ಇಟ್ಟುಕೊಂಡಿರಲು ಹೇಳಿ.